ಕ್ಲೆಮ್ಸನ್‌ಗೆ ಹೊಸದಾಗಿ ಬಂದವರಿಗೆ: ಆಗಸ್ಟಿನ ಫುಟ್‌ಬಾಲ್ ಮಾತು ಮತ್ತು ಹತ್ತು ಡಾಲರಿನ ವಂತಿಗೆ

ದಕ್ಷಿಣ ಕ್ಯಾರೊಲಿನಾದ ಈ ಮೂಲೆಗೆ ನಮ್ಮವರು ಬರುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಒಂದು, ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಎಂಎಸ್ಸೋ ಪಿಎಚ್‌ಡಿಯೋ ಮಾಡಲು. ಇನ್ನೊಂದು, ಗ್ರೀನ್‌ವಿಲ್ ಸುತ್ತಲಿನ ಕೆಲಸಗಳಿಗೆ. ಬಿಎಂಡಬ್ಲ್ಯು ಕಾರಿನ ಕಾರ್ಖಾನೆ, ಮಿಶೆಲಿನ್ ಟೈರಿನ ಉತ್ತರ ಅಮೆರಿಕದ ಮುಖ್ಯ ಕಚೇರಿ ಎರಡೂ ಈ ಕಡೆಯೇ ಇವೆ. ನಾನು ಮೊದಲ ದಾರಿಯಲ್ಲಿ ಬಂದು ಎರಡನೆಯದರಲ್ಲಿ ಉಳಿದವನು. ಯಾವ ದಾರಿಯಲ್ಲಿ ಬಂದರೂ ಆಗಸ್ಟ್ ಹುಟ್ಟಿದೊಡನೆ ನಿಮ್ಮನ್ನು ಎರಡು ಸಂಗತಿಗಳು ಹುಡುಕಿಕೊಂಡು ಬರುತ್ತವೆ: "ಈ ವರ್ಷ ನಮ್ಮ ತಂಡ ಹೇಗೆ?" ಎಂಬ ಪ್ರಶ್ನೆ, ಮತ್ತು ದೇಣಿಗೆ ಕೇಳುವ ಪತ್ರ. ಇವೆರಡೂ ಅರ್ಥವಾದರೆ ಊರಿನ ಅರ್ಧ ಅರ್ಥವಾದಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾತ್ರ ತಿಳಿಯಿರಿ. ಕ್ಲೆಮ್ಸನ್ ಊರಿನ ಜನಸಂಖ್ಯೆ ಇಪ್ಪತ್ತು ಸಾವಿರ ಮುಟ್ಟುವುದಿಲ್ಲ. ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನವಾದ ಮೆಮೋರಿಯಲ್ ಸ್ಟೇಡಿಯಂನಲ್ಲಿ ಸುಮಾರು 81,500 ಜನ ಕೂರುತ್ತಾರೆ. ಅಂದರೆ ಊರಿನ ನಾಲ್ಕು ಪಟ್ಟಿಗಿಂತ ಹೆಚ್ಚು ಜನ ಒಂದು ಶನಿವಾರ ಬಂದು, ರಾತ್ರಿ ಹೊರಟುಹೋಗುತ್ತಾರೆ. ನಮ್ಮ ಕಡೆ ರಥೋತ್ಸವದ ದಿನ ಸಣ್ಣ ಊರು ಹೇಗಿರುತ್ತದೋ ಹಾಗೆ. ಹೆದ್ದಾರಿಯ ಡಾಂಬರಿನ ಮೇಲೂ ತಂಡದ ಗುರುತಾದ ಕಿತ್ತಳೆ ಬಣ್ಣದ ಹುಲಿಯ ಹೆಜ್ಜೆ ಬಳಿದಿರುತ್ತಾರೆ. ಹಾರ್ಟ್‌ವೆಲ್ ಸರೋವರ ಪಕ್ಕದಲ್ಲೇ ಇರುವುದರಿಂದ ಕೆಲವರು ದೋಣಿಯಲ್ಲೂ ಬರುತ್ತಾರೆ.

ಹಾಗಾಗಿ ಎಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡಿ: ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಪಂದ್ಯಗಳ ವೇಳಾಪಟ್ಟಿಯನ್ನು ಅಡುಗೆಮನೆ ಕ್ಯಾಲೆಂಡರಿಗೆ ಹಚ್ಚಿ. ಗಣೇಶನ ಹಬ್ಬ, ದಸರೆಯ ಗೊಂಬೆ, ರಾಜ್ಯೋತ್ಸವ, ದೀಪಾವಳಿ ಎಲ್ಲವೂ ಈ ಮೂರು ತಿಂಗಳಲ್ಲೇ ಬರುತ್ತವೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಗಣೇಶನ ಪೂಜೆಗೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರನ್ನೂ ಕರೆದಿದ್ದೆ. ಅಂದು ಇಲ್ಲೇ ಪಂದ್ಯವಿದೆ ಎಂಬುದು ಗೊತ್ತಿರಲಿಲ್ಲ. ಗ್ರೀನ್‌ವಿಲ್‌ನಿಂದ ಹೊರಟ ಎರಡು ಕುಟುಂಬಗಳು ಮಕ್ಕಳ ಸಮೇತ ಮೂರು ಗಂಟೆ ದಾರಿಯಲ್ಲೇ ಇದ್ದರು. ಮಹಾಮಂಗಳಾರತಿ ಮುಗಿದ ಮೇಲೆ ಬಂದು ಆರಿದ ಹುಗ್ಗಿ ತಿಂದು ಹೋದರು. ಅವರ ಮುಖ ಇವತ್ತಿಗೂ ನೆನಪಿದೆ.

ಆಟದ ಬಗ್ಗೆ ತುಸು. ಇದು ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಾಟವಲ್ಲ. ಹತ್ತು ಗಜ ಮುಂದೆ ಹೋಗಲು ನಾಲ್ಕು ಯತ್ನ, ಹೋದರೆ ಮತ್ತೆ ನಾಲ್ಕು, ಕೊನೆಯ ಗೆರೆ ದಾಟಿದರೆ ಆರು ಅಂಕ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಪಕ್ಕದಲ್ಲಿ ಕುಳಿತವರು ಹೇಳಿಕೊಡುತ್ತಾರೆ. ಅದೂ ಎಷ್ಟು ಪ್ರೀತಿಯಿಂದ!

ಆಗಸ್ಟಿನಲ್ಲಿ ಏನು ಕೇಳಬೇಕು

ಆಫೀಸಿನಲ್ಲಿ, ಲ್ಯಾಬಿನಲ್ಲಿ, ಮಕ್ಕಳನ್ನು ಶಾಲೆಗೆ ಬಿಡುವ ಸಾಲಿನಲ್ಲಿ ಈ ತಿಂಗಳು ನಡೆಯುವುದು ತಂಡದ ಭವಿಷ್ಯದ ಮಾತು. ನಿಮಗೆ ಅಭಿಪ್ರಾಯ ಇರಲೇಬೇಕೆಂದಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದರೆ ಸಾಕು. ಚೆಂಡು ಎಸೆಯುವವರು ಯಾರು? ಎದುರಾಳಿಯನ್ನು ತಡೆದು ನಿಲ್ಲುವ ಮುಂಚೂಣಿಯ ಗಟ್ಟಿಗರು ಹಳಬರೋ ಹೊಸಬರೋ? ಮೊದಲ ನಾಲ್ಕು ಪಂದ್ಯ ಯಾರ ಜೊತೆ?

2026ಕ್ಕೆ ಈ ಮೊದಲ ಪ್ರಶ್ನೆಯೇ ದೊಡ್ಡದು. ಮೂರು ಋತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕೇಡ್ ಕ್ಲಬ್ನಿಕ್ ಅವಧಿ ಮುಗಿದಿದೆ. ಹೊಸ ಹುಡುಗ ಮೊದಲ ಪಂದ್ಯವನ್ನೇ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ, ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು) ತಂಡದ ಸ್ವಂತ ಅಂಗಳದಲ್ಲಿ ಆಡಬೇಕು. ಅಲ್ಲಿಯ ಗದ್ದಲದಲ್ಲಿ ಪಕ್ಕದವನ ಕೂಗೂ ಕೇಳಿಸುವುದಿಲ್ಲ. ಆ ಪಂದ್ಯ ಸೋತರೆ ಎಲ್ಲ ಮುಗಿಯಿತೆಂದು ಇಲ್ಲಿಯವರು ಹೇಳತೊಡಗುತ್ತಾರೆ. ನಂಬಬೇಡಿ. 2024ರಿಂದ ರಾಷ್ಟ್ರೀಯ ಪ್ರಶಸ್ತಿಯನ್ನು ತೀರ್ಮಾನಿಸುವ ಪ್ಲೇಆಫ್‌ಗೆ ನಾಲ್ಕರ ಬದಲು ಹನ್ನೆರಡು ತಂಡಗಳು ಹೋಗುತ್ತಿವೆ. ಆ ವರ್ಷ ಕ್ಲೆಮ್ಸನ್ ಮೊದಲ ಪಂದ್ಯದಲ್ಲೇ ಜಾರ್ಜಿಯಾಗೆ ಸೋತು, ಆಮೇಲೆ ತಾನಿರುವ ಎಸಿಸಿ ಎಂಬ ಕಾಲೇಜುಗಳ ಗುಂಪಿನ ಪ್ರಶಸ್ತಿಯನ್ನು ಎಸ್‌ಎಂಯು ವಿರುದ್ಧ 34-31ರಲ್ಲಿ ಗೆದ್ದು ಪ್ಲೇಆಫ್ ಮುಟ್ಟಿತು.

ಇನ್ನೊಂದು ಮಾತು ಪೋರ್ಟಲ್ ಬಗ್ಗೆ. ಆಟಗಾರರು ಈಗ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು. 2008ರಿಂದ ಇಲ್ಲಿ ಮುಖ್ಯ ಕೋಚ್ ಆಗಿರುವ ಡಾಬೋ ಸ್ವಿನ್ನಿ ಬಹಳ ವರ್ಷ ಹೊರಗಿನವರನ್ನು ತರಲು ಒಪ್ಪುತ್ತಿರಲಿಲ್ಲ. ಹೈಸ್ಕೂಲಿನಿಂದ ಬಂದ ಹುಡುಗರನ್ನು ತಾವೇ ಬೆಳೆಸಬೇಕು ಎಂಬುದು ಅವರ ಪಟ್ಟು. 2016 ಮತ್ತು 2018ರ ರಾಷ್ಟ್ರೀಯ ಪ್ರಶಸ್ತಿಗಳನ್ನು ಅವರು ಹಾಗೆಯೇ ಗೆದ್ದರು. ಆದರೆ ಕಾಲ ಬದಲಾಗಿದೆ ಎನ್ನುವವರೂ ಊರಿನಲ್ಲಿ ತುಂಬ ಇದ್ದಾರೆ. ಊಟದ ಮೇಜಿನಲ್ಲಿ ಈ ವಿಷಯ ಎತ್ತುವ ಮುಂಚೆ ಎದುರಿಗಿರುವವರು ಯಾವ ಪಕ್ಷವೆಂದು ನೋಡಿಕೊಳ್ಳಿ.

ಋತು ಶುರುವಾಗುವ ಮುಂಚಿನ ರ‍್ಯಾಂಕಿಂಗ್‌ಗೆ ಎಷ್ಟು ಬೆಲೆ ಕೊಡಬೇಕು? ನಾನು ಹೊಸಬರಿಗೆ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. 1981ರಲ್ಲಿ ಪಂದ್ಯಗಳು ಶುರುವಾಗುವಾಗ ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಕ್ಲೆಮ್ಸನ್ ಹೆಸರೇ ಇರಲಿಲ್ಲ. ಕೋಚ್ ಡ್ಯಾನಿ ಫೋರ್ಡ್ ಅವರ ತಂಡ ಹನ್ನೆರಡಕ್ಕೆ ಹನ್ನೆರಡೂ ಗೆದ್ದು, 1982ರ ಜನವರಿ 1ರಂದು ಆರೆಂಜ್ ಬೌಲ್ ಎಂಬ ಋತುವಿನ ಕೊನೆಯ ಪಂದ್ಯದಲ್ಲಿ ನೆಬ್ರಾಸ್ಕಾವನ್ನು 22-15ರಲ್ಲಿ ಸೋಲಿಸಿ ದೇಶಕ್ಕೇ ಮೊದಲಾಯಿತು. 2025ರಲ್ಲಿ ಅದೇ ಪಟ್ಟಿಯಲ್ಲಿ ಕ್ಲೆಮ್ಸನ್ ನಾಲ್ಕನೆಯದು. ಊರೆಲ್ಲ ಕನಸು ಕಾಣುತ್ತಿತ್ತು. ಆಗಸ್ಟ್ 30ರ ರಾತ್ರಿ ಎಲ್‌ಎಸ್‌ಯು ಇಲ್ಲಿಗೇ ಬಂದು 17-10ರಲ್ಲಿ ಗೆದ್ದುಹೋಯಿತು. ಆಮೇಲೆ ಜಾರ್ಜಿಯಾ ಟೆಕ್, ಸಿರಾಕ್ಯೂಸ್... ಹನ್ನೆರಡು ಪಂದ್ಯಗಳಲ್ಲಿ ಐದು ಸೋಲು. ಆ ಎಲ್‌ಎಸ್‌ಯು ಪಂದ್ಯಕ್ಕೆ ನಮ್ಮ ಕನ್ನಡದ ಹುಡುಗನೊಬ್ಬ, ಬಂದು ಹದಿನೈದು ದಿನವಾಗಿತ್ತಷ್ಟೆ, ಮರುಮಾರಾಟದ ಟಿಕೆಟ್ಟಿಗೆ ಒಂದು ತಿಂಗಳ ಬಾಡಿಗೆಯಷ್ಟು ಕೊಟ್ಟಿದ್ದ. ಅಂಥ ದುಡ್ಡು ಕೊಡಬೇಡಿ. ಅಕ್ಟೋಬರಿನಲ್ಲಿ ಅದೇ ಸ್ಟೇಡಿಯಂ, ಅದೇ ಹಾಡು, ತಂಡ ಇಳಿಜಾರಿನಿಂದ ಮೈದಾನಕ್ಕೆ ಓಡಿಬರುವ ಅದೇ ಬೆಟ್ಟದ ಓಟ ಎಷ್ಟೋ ಕಡಿಮೆಗೆ ಸಿಗುತ್ತದೆ.

ದೇಣಿಗೆಯ ಪತ್ರ

ಈಗ ಎರಡನೆಯದಕ್ಕೆ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ಹೊಸಬರು ಎಡವುವುದು ಇಲ್ಲೇ.

ಕ್ಲೆಮ್ಸನ್‌ನ ಕ್ರೀಡಾ ನಿಧಿಯ ಹೆಸರು ಇಪ್ಟೇ. "ಐ ಪೇ ಟೆನ್ ಎ ಇಯರ್" ಎಂಬುದರ ಮೊದಲಕ್ಷರಗಳು: ವರ್ಷಕ್ಕೆ ಹತ್ತು ಕೊಡುತ್ತೇನೆ. 1931ರಲ್ಲಿ ತಂಡ ಫ್ಲಾರೆನ್ಸ್ ಎಂಬ ಊರಿನಲ್ಲಿ ಸಿಟಡೆಲ್ ಕಾಲೇಜಿಗೆ 6-0ರಲ್ಲಿ ಸೋತಿತು. ಪಂದ್ಯದ ನಂತರ ಕೋಚ್ ಜೆಸ್ ನೀಲಿ ಕೆಲವರೊಂದಿಗೆ ಒಂದು ಕಾರಿನಲ್ಲಿ ಕುಳಿತು, ತಂಡಕ್ಕೆ ಹಣ ಎಲ್ಲಿಂದ ತರುವುದೆಂದು ಮಾತಾಡಿದರು. ಮೊದಲು ಬಂದ ಯೋಚನೆ ತಲೆಗೆ ಐವತ್ತು ಡಾಲರ್. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. ಹತ್ತಿ ಬೆಳೆಯುವ ರೈತರ ಮಕ್ಕಳು ಓದಿದ ಕಾಲೇಜು. ಐವತ್ತು ಯಾರ ಹತ್ತಿರವಿತ್ತು? ಅಟ್ಲಾಂಟಾದಲ್ಲಿ ವೈದ್ಯರಾಗಿದ್ದ ಹಳೆಯ ವಿದ್ಯಾರ್ಥಿ ರೂಪರ್ಟ್ ಫೈಕ್ 1934ರ ಆಗಸ್ಟಿನಲ್ಲಿ ಹತ್ತು ಡಾಲರಿನ ಈ ಸಂಘ ಕಟ್ಟಿದರು. ಹತ್ತೂ ಇಲ್ಲದವರು ಹಾಲು, ಗೆಣಸು, ಸೊಪ್ಪು ತಂದುಕೊಟ್ಟರಂತೆ. ದುಡ್ಡಿಲ್ಲದಿದ್ದರೆ ಎರಡು ಸೇರು ಅಕ್ಕಿ ಕೊಡಿ ಎನ್ನುವ ನಮ್ಮೂರ ವಂತಿಗೆಯ ಹಾಗೆ. ಈ ಕಥೆ ಕೇಳಿದ ದಿನದಿಂದ ನನಗೆ ಇಪ್ಟೇ ಪತ್ರ ಬರೀ ಬಿಲ್ ಥರ ಕಾಣಿಸಿಲ್ಲ.

ಎರಡು ಡಾಲರಿನ ನೋಟಿನ ಕಥೆಯನ್ನೂ ಹೇಳಬೇಕು. 1977ರಲ್ಲಿ ಜಾರ್ಜಿಯಾ ಟೆಕ್ ಇನ್ನು ಕ್ಲೆಮ್ಸನ್ ಜೊತೆ ಆಡುವುದಿಲ್ಲವೆಂದು ಹೇಳಿತು. ಆಗ ಇಪ್ಟೇ ನೋಡಿಕೊಳ್ಳುತ್ತಿದ್ದ ಜಾರ್ಜ್ ಬೆನೆಟ್ ಅಟ್ಲಾಂಟಾಗೆ ಹೊರಟ ಅಭಿಮಾನಿಗಳಿಗೆಲ್ಲ, ಅಲ್ಲಿ ಖರ್ಚು ಮಾಡುವುದನ್ನು ಹುಲಿಹೆಜ್ಜೆಯ ಮುದ್ರೆ ಒತ್ತಿದ ಎರಡು ಡಾಲರಿನ ನೋಟುಗಳಲ್ಲಿ ಮಾಡಿ ಎಂದರು. ನಾವು ಬಂದರೆ ನಿಮ್ಮ ಊರಿನ ಅಂಗಡಿ, ಹೋಟೆಲಿಗೆ ಎಷ್ಟು ಸಿಗುತ್ತದೆ ನೋಡಿ ಎಂದು ತೋರಿಸುವ ಉಪಾಯ ಅದು. ಇಂದಿಗೂ ದೂರದ ಬೌಲ್ ಪಂದ್ಯಕ್ಕೆ ಹೋಗುವವರು ಬ್ಯಾಂಕಿನಿಂದ ಆ ನೋಟು ತರುತ್ತಾರೆ. ಚಿಲ್ಲರೆಯಲ್ಲಿ ನಿಮಗೊಂದು ಸಿಕ್ಕರೆ ಖರ್ಚು ಮಾಡದೆ ಇಟ್ಟುಕೊಳ್ಳಿ.

ಇವತ್ತಿನ ಲೆಕ್ಕ ಬೇರೆ. ಇಪ್ಟೇಗೆ ಯಾರು ಬೇಕಾದರೂ ಸೇರಬಹುದು, ಇಲ್ಲಿ ಓದಿರಲೇಬೇಕೆಂದಿಲ್ಲ. ಕೊಟ್ಟ ಹಣಕ್ಕೂ ಕೊಟ್ಟ ವರ್ಷಗಳಿಗೂ ಅಂಕಗಳು ಸೇರುತ್ತವೆ; ಯಾವ ಆಸನ, ಯಾವ ಪಾರ್ಕಿಂಗ್ ಎಂಬುದು ಅದರ ಮೇಲೆ. ಗಮನಿಸಿ: ದೇಣಿಗೆ ಕೊಟ್ಟರೆ ಸಿಗುವುದು ಋತುವಿಡೀ ಟಿಕೆಟ್ ಕೊಳ್ಳುವ ಹಕ್ಕು, ಟಿಕೆಟ್ಟಿನ ಹಣ ಬೇರೆ. ನನ್ನ ಪರಿಚಯದ ಒಬ್ಬರು ಇದು ತಿಳಿಯದೆ, ದೇಣಿಗೆ ಕಟ್ಟಿ ಟಿಕೆಟ್ ಬರುತ್ತದೆಂದು ಸೆಪ್ಟೆಂಬರಿನವರೆಗೆ ಕಾದರು.

ತೆರಿಗೆಯ ವಿಷಯದಲ್ಲೂ ಹಳಬರು ಹಳೆಯ ಮಾತು ಹೇಳುತ್ತಾರೆ. ಮೊದಲು ಇಂಥ ಆಸನದ ದೇಣಿಗೆಯ ಶೇ. 80ರಷ್ಟನ್ನು ಆದಾಯದಿಂದ ಕಳೆಯಬಹುದಿತ್ತು. 2017ರ ಕಾನೂನು ಅದನ್ನು ತೆಗೆದುಹಾಕಿತು. 2018ರಿಂದ ಟಿಕೆಟ್ಟಿನ ಹಕ್ಕು ಕೊಡುವ ದೇಣಿಗೆಗೆ ವಿನಾಯಿತಿಯೇ ಇಲ್ಲ. ವಿದ್ಯಾರ್ಥಿವೇತನಕ್ಕೋ ಗ್ರಂಥಾಲಯಕ್ಕೋ ಏನನ್ನೂ ಬದಲಿಗೆ ಪಡೆಯದೆ ಕೊಟ್ಟದ್ದು ಬೇರೆ. ಕಂಪನಿಯವರು ನಿಮ್ಮ ದೇಣಿಗೆಗೆ ತಾವೂ ಅಷ್ಟೇ ಸೇರಿಸುವ ಪದ್ಧತಿ ಇದ್ದರೆ, ಕ್ರೀಡೆಗೆ ಕೊಟ್ಟದ್ದನ್ನು ಅದರಲ್ಲಿ ಸೇರಿಸುತ್ತಾರೋ ಇಲ್ಲವೋ ಎಂದು ಮೊದಲೇ ಎಚ್‌ಆರ್ ಹತ್ತಿರ ಕೇಳಿ.

ಇನ್ನೊಂದು ಬದಲಾವಣೆ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದೆ. ಕಾಲೇಜು ಆಟಗಾರರಿಗೆ ವಿದ್ಯಾರ್ಥಿವೇತನ ಬಿಟ್ಟು ಕಾಲೇಜು ಸಂಬಳ ಕೊಡುವಂತಿರಲಿಲ್ಲ. 2021ರ ಜುಲೈನಿಂದ ಅವರು ತಮ್ಮ ಹೆಸರು, ಮುಖದಿಂದ ಹಣ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯ ನಂತರ ಕಾಲೇಜುಗಳೇ ನೇರವಾಗಿ ಹಂಚಬಹುದು, ಮೊದಲ ವರ್ಷ ಸುಮಾರು 2.05 ಕೋಟಿ ಡಾಲರಿನವರೆಗೆ. ಆಡಿದ ಹುಡುಗರಿಗೆ ದುಡ್ಡು ಸಿಗಬೇಕಾದದ್ದೇ, ಅವರು ಮೈ ಮುರಿದುಕೊಂಡೇ ಈ ಸ್ಟೇಡಿಯಂ ತುಂಬಿಸಿದ್ದು. ಆದರೆ ಆ ಹಣ ಬರುವುದು ಎಲ್ಲಿಂದ? ಪತ್ರಗಳು ಹೆಚ್ಚಾಗಿವೆ, ಕೇಳುವ ಮೊತ್ತವೂ ಹೆಚ್ಚಾಗಿದೆ. ಆಗಸ್ಟಿನ ಹುಮ್ಮಸ್ಸಿನಲ್ಲಿ ಮೂರು ವರ್ಷ, ಐದು ವರ್ಷದ ವಾಗ್ದಾನಕ್ಕೆ ಸಹಿ ಹಾಕಬೇಡಿ. ಎಚ್-1ಬಿಯಲ್ಲಿರುವವರು ಮುಂದಿನ ವರ್ಷ ಯಾವ ರಾಜ್ಯದಲ್ಲಿರುತ್ತೀರೋ! ನಾನು ಇಪ್ಟೇಗೆ ಸಣ್ಣ ಮೊತ್ತ ಕೊಡುತ್ತೇನೆ, ಒಂದು ವರ್ಷವೂ ತಪ್ಪಿಸದೆ. ಅದಕ್ಕಿಂತ ಹೆಚ್ಚಿನದನ್ನು ನಾನು ಓದಿದ ವಿಭಾಗದ ವಿದ್ಯಾರ್ಥಿ ನಿಧಿಗೆ ಕೊಡುತ್ತೇನೆ. ಮೊದಲ ಚಳಿಗಾಲದಲ್ಲಿ ನನ್ನ ಬಾಡಿಗೆ ಕಟ್ಟಿದ್ದು ಆ ವಿಭಾಗದ ಅಸಿಸ್ಟೆಂಟ್‌ಶಿಪ್, ಅದನ್ನು ಮರೆಯಲಾರೆ. ಪತ್ರದಲ್ಲಿ ಇವೆರಡೂ ಬೇರೆ ಬೇರೆ ಖಾತೆ; ನಿಮ್ಮ ಹಣ ಯಾವುದಕ್ಕೆ ಹೋಗುತ್ತದೆಂದು ನೋಡಿ ಕೊಡಿ.

ಪಂದ್ಯದ ದಿನ

ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತಾರೆ. ಊರಿನ ಕ್ಯಾಟ್‌ಬಸ್ಸಿಗೆ ಟಿಕೆಟ್ ಇಲ್ಲ. ಪಂದ್ಯದ ಮುಂಚೆ ಕಾರುಗಳ ಹಿಂದೆ ನಡೆಯುವ ಊಟ, ಟೇಲ್‌ಗೇಟ್, ಇದಕ್ಕೆ ಕರೆದರೆ ಬರಿಗೈಯಲ್ಲಿ ಹೋಗಬೇಡಿ. ನಮ್ಮ ಮನೆಯವರು ಚಿತ್ರಾನ್ನ, ಕೋಡುಬಳೆ ಒಯ್ಯುತ್ತಾರೆ. ಕೋಡುಬಳೆ ಮೊದಲು ಖಾಲಿಯಾಗುತ್ತದೆ. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ, ಇಲ್ಲಿಯವರು ಬೀನ್ಸಿಗೂ ಹಂದಿಮಾಂಸ ಹಾಕುತ್ತಾರೆ.

ಸ್ಟೇಡಿಯಂ ಪಕ್ಕದ ಗುಡ್ಡದ ಮೇಲೆ ವುಡ್‌ಲ್ಯಾಂಡ್ ಸ್ಮಶಾನವಿದೆ. ಈ ನೆಲ ಒಂದು ಕಾಲಕ್ಕೆ ಗುಲಾಮರು ದುಡಿದ ತೋಟ. ಕಾಲೇಜಿನ ಮೊದಲ ಕಟ್ಟಡಗಳನ್ನು ಕಟ್ಟಿದವರು ಕೈದಿಗಳು, ಹೆಚ್ಚಿನವರು ಕಪ್ಪು ಜನ. 2020ರಲ್ಲಿ ಅಲ್ಲಿ ಅಂಥವರದ್ದೆಂದು ನಂಬಲಾದ ಆರುನೂರಕ್ಕೂ ಹೆಚ್ಚು ಗುರುತಿಲ್ಲದ ಸಮಾಧಿಗಳು ಪತ್ತೆಯಾದವು. ಪಂದ್ಯದ ದಿನ ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ. ಬೇರೊಂದು ದಿನ, ಸದ್ದಿಲ್ಲದಾಗ, ಕರೆದುಕೊಂಡು ಹೋಗಿ ತೋರಿಸಿ.

ಪಂದ್ಯಕ್ಕೆ ಅರ್ಧ ಗಂಟೆ ಮುಂಚೆಯೇ ಆಸನದಲ್ಲಿರಿ. ತಂಡ ಬಸ್ಸಿನಲ್ಲಿ ಸುತ್ತಿಬಂದು ಪೂರ್ವದ ಇಳಿಜಾರಿನ ಮೇಲೆ ನಿಲ್ಲುತ್ತದೆ. ಅಲ್ಲಿರುವ ಕಲ್ಲು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಿಂದ ಹಳೆಯ ವಿದ್ಯಾರ್ಥಿಯೊಬ್ಬರು ತಂದದ್ದು. ಕೋಚ್ ಫ್ರಾಂಕ್ ಹೋವರ್ಡ್ ಕಚೇರಿಯಲ್ಲಿ ಬಾಗಿಲಿಗೆ ಆನಿಸಿಟ್ಟಿದ್ದ ಅದನ್ನು 1966ರಲ್ಲಿ ಪೀಠದ ಮೇಲೆ ಇಟ್ಟರು. ಹುಡುಗರು ಅದನ್ನು ಸವರಿ, ಇಳಿಜಾರಿನಲ್ಲಿ ಮೈದಾನಕ್ಕೆ ಓಡುತ್ತಾರೆ. ಎಷ್ಟು ಸಲ ನೋಡಿದ್ದರೂ ನನಗೆ ರೋಮಾಂಚನವಾಗುತ್ತದೆ.

ಪಂದ್ಯ ಮುಗಿದ ಮೇಲೆ, ಗೆಲ್ಲಲಿ ಸೋಲಲಿ, ಕಾರಿಗೆ ಓಡಬೇಡಿ. ಹೇಗೂ ಒಂದು ಗಂಟೆ ರಸ್ತೆ ಅಲುಗಾಡುವುದಿಲ್ಲ. ಇಲ್ಲಿ ಪ್ರೇಕ್ಷಕರನ್ನು ಮೈದಾನಕ್ಕೆ ಇಳಿಯಲು ಬಿಡುತ್ತಾರೆ. ಮಕ್ಕಳ ಕೈ ಹಿಡಿದು ಇಳಿದು, ನಡುವೆ ಬರೆದಿರುವ ದೊಡ್ಡ ಹುಲಿಹೆಜ್ಜೆಯ ತನಕ ನಡೆದುಹೋಗಿ.