ಜರ್ಮನಿಯಲ್ಲಿ ಕೆಲಸ ಹೋದರೆ: ಮೊದಲು ಪೆನ್ನು ಕೆಳಗಿಡಿ

ಎಚ್‌ಆರ್‌ನವರು ಕರೆದು ಮುಂದಿಟ್ಟ ಕಾಗದಕ್ಕೆ ಅಲ್ಲೇ ಕೂತು ಸಹಿ ಹಾಕಬೇಡಿ. ಮ್ಯಾನೇಜರ್ ಎದುರಿಗಿದ್ದಾಗ 'ಮನೆಗೆ ಹೋಗಿ ಓದಿ ಹೇಳ್ತೀನಿ' ಅನ್ನಲು ನಮ್ಮವರಿಗೆ ಸಂಕೋಚ. ಇಲ್ಲಿ ಹಾಗೆಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಮಾಡಿಕೊಳ್ಳಲಿ.

ಕಂಪನಿಯೇ ನಿಮ್ಮನ್ನು ತೆಗೆದರೆ ಅದು ಕ್ಯುಂಡಿಗುಂಗ್. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಸಹಿಗೆ ಒತ್ತಾಯಿಸಿದರೆ 'ತಲುಪಿದೆ' ಎಂದು ಬರೆದು ತಾರೀಖು ಹಾಕಿ, ಸಾಕು. ನಿಜವಾದ ತೊಡಕು ಆಉಫ್‌ಹೇಬುಂಗ್ಸ್‌ಫೆರ್‌ಟ್ರಾಗ್‌ನಲ್ಲಿದೆ, ಅಂದರೆ ಇಬ್ಬರೂ ಒಪ್ಪಿ ಕೆಲಸ ಮುಗಿಸುವ ಕರಾರು. ಪರಿಹಾರದ ಮೊತ್ತ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನೀವಾಗಿಯೇ ಬಿಟ್ಟಿರಿ ಎಂದು ಲೆಕ್ಕ ಹಾಕಿ ನಿರುದ್ಯೋಗ ಭತ್ಯೆಯನ್ನು ಸಾಮಾನ್ಯವಾಗಿ 12 ವಾರ ತಡೆಹಿಡಿಯುತ್ತಾರೆ.

ಇಮೇಲ್, ವಾಟ್ಸಾಪ್, ಬಾಯಿಮಾತು ಯಾವುದರಿಂದಲೂ ಕೆಲಸದಿಂದ ತೆಗೆಯಲಾಗದು. ಕೈಯಿಂದ ಸಹಿ ಹಾಕಿದ ಕಾಗದವೇ ಬೇಕು. ನೀವು ರಾಜೀನಾಮೆ ಕೊಡುವಾಗಲೂ ಇದೇ ನಿಯಮ. ಕಂಪನಿ ತೆಗೆದ ಕಾಗದ ತಲುಪಿದ 3 ವಾರದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡದಿದ್ದರೆ, ತೆಗೆದದ್ದು ತಪ್ಪಾಗಿದ್ದರೂ ಸರಿ ಎಂದೇ ಆಗಿಬಿಡುತ್ತದೆ. ತಲುಪುವುದೆಂದರೆ ನಿಮ್ಮ ಟಪಾಲು ಡಬ್ಬಿಗೆ ಬೀಳುವುದು. ನೀವು ರಜೆಗೆ ಊರಿಗೆ ಹೋಗಿದ್ದರೂ ಗಡುವು ಓಡುತ್ತಲೇ ಇರುತ್ತದೆ, ಹಾಗಾಗಿ ಡಬ್ಬಿಯ ಕೀಲಿ ಯಾರಾದರೂ ಗೆಳೆಯರ ಕೈಲಿರಲಿ. ಲಕೋಟೆ ಬಿಸಾಡಬೇಡಿ, ಮೇಲೆ ತಾರೀಖು ಬರೆದು ಫೋಟೋ ತೆಗೆದಿಡಿ.

ಸೇರಿ 6 ತಿಂಗಳು ದಾಟಿದ್ದು, ಕಂಪನಿಯಲ್ಲಿ 10ಕ್ಕಿಂತ ಹೆಚ್ಚು ಜನರಿದ್ದರೆ ತೆಗೆಯಲು ಕಾನೂನು ಒಪ್ಪುವ ಕಾರಣ ಬೇಕು. ಪ್ರೊಬೇಷನ್‌ನಲ್ಲಿ ಆ ರಕ್ಷಣೆಯಿಲ್ಲ, 2 ವಾರದ ನೋಟಿಸ್ ಸಾಕು. ಪರಿಹಾರ ತಾನಾಗಿ ಬರುವ ಹಕ್ಕಲ್ಲ. ಹೆಚ್ಚಾಗಿ ಕೋರ್ಟಿನಲ್ಲಿ ಚೌಕಾಸಿಯಿಂದ ಬರುತ್ತದೆ, ಮಾತು ಶುರುವಾಗುವುದು ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ಸಂಬಳದಿಂದ. ಮೊದಲ ಹಂತದಲ್ಲಿ ಗೆದ್ದರೂ ನಿಮ್ಮ ವಕೀಲರ ಫೀಸು ನಿಮ್ಮದೇ. ಕಾನೂನು ವಿಮೆ ಮಾಡಿಸುವುದಾದರೆ ಈಗಲೇ ಮಾಡಿಸಿ, ನೋಟಿಸ್ ಬಂದ ಮೇಲೆ ಪ್ರಯೋಜನವಿಲ್ಲ.

ಕೆಲಸ ಮುಗಿಯುವ 3 ತಿಂಗಳು ಮೊದಲೇ ಆಗೆಂಟೂರ್ ಫ್ಯೂರ್ ಆರ್ಬೈಟ್‌ನಲ್ಲಿ, ಅಂದರೆ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ, ಹೆಸರು ನೋಂದಾಯಿಸಿ. ಅಷ್ಟು ಸಮಯವಿಲ್ಲದಿದ್ದರೆ ಸುದ್ದಿ ತಿಳಿದ 3 ದಿನದೊಳಗೆ. ಕಳೆದ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿದ್ದರೆ ನಿವ್ವಳ ಸಂಬಳದ ಸುಮಾರು 60% ಭತ್ಯೆಯಾಗಿ ಸಿಗುತ್ತದೆ, ಮಕ್ಕಳಿದ್ದರೆ 67%. ಕೇಳಲು ನಾಚಿಕೆ ಬೇಡ, ತಿಂಗಳು ತಿಂಗಳು ನಿಮ್ಮ ಸಂಬಳದಿಂದಲೂ ಕಡಿದ ದುಡ್ಡದು.

ಬ್ಲೂ ಕಾರ್ಡ್ (ಉನ್ನತ ಕೌಶಲದ ವಿದೇಶಿಯರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಅಂದೇ ರದ್ದಾಗುವುದಿಲ್ಲ, ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ 3 ತಿಂಗಳಾದರೂ ಇರುತ್ತದೆ. ಆದರೆ 2 ವಾರದೊಳಗೆ ವಿದೇಶಿಯರ ಕಚೇರಿಗೆ ನೀವೇ ತಿಳಿಸಬೇಕು. ಉಳಿದ ರಜೆಯ ಹಣವನ್ನೂ ಕೆಲಸದ ಪ್ರಮಾಣಪತ್ರವನ್ನೂ ಹೊರಡುವ ಮೊದಲೇ ಲಿಖಿತವಾಗಿ ಕೇಳಿಬಿಡಿ.