ಓದುಗರ ಗ್ರೂಪ್ ನಡೆಸುವವರಿಗೆ: ಹಂಚುವ ಮೊದಲು ಕೇಳಿ

ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ಶಿವಮೊಗ್ಗದಲ್ಲಿ ಕನ್ನಡ ಓದುಗರ ಒಂದು ವಾಟ್ಸಾಪ್ ಗ್ರೂಪ್ ನೋಡಿಕೊಳ್ಳುತ್ತಿದ್ದೇನೆ. ಹೊಸದಾಗಿ ಗ್ರೂಪ್ ಶುರುಮಾಡುವವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಯಾರದನ್ನು ಹಂಚುತ್ತೀರೋ ಅವರನ್ನೇ ಕೇಳಿ.

ಈ ಕೇಳುವುದು ಸದಸ್ಯರನ್ನು ಸೇರಿಸುವಾಗಲೇ ಶುರುವಾಗಲಿ. ನಂಬರ್ ಇದೆ ಎಂದು ಯಾರನ್ನೂ ನೇರವಾಗಿ ಸೇರಿಸಬೇಡಿ. ಸೇರಿಸಿದ ಕೂಡಲೇ ಅವರ ನಂಬರ್ ಪರಿಚಯವಿಲ್ಲದವರ ಕೈಗೆಲ್ಲ ಹೋಗುತ್ತದೆ. ಅದರ ತೊಂದರೆ ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಆಹ್ವಾನದ ಲಿಂಕ್ ಕಳಿಸಿ, ಬೇಕಾದವರು ತಾವಾಗಿ ಬರಲಿ.

ಇನ್ನು ಪುಸ್ತಕದ ಪಿಡಿಎಫ್. ನಮ್ಮಲ್ಲಿ ಅತಿ ಹೆಚ್ಚು ವಾದ ನಡೆಯುವುದು ಇದರ ಮೇಲೆಯೇ. 'ಲೇಖಕರು ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ ಮೇಡಂ' ಅನ್ನುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಉಳಿಯುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ; ಅವರ ಅಂಥ ಕೃತಿಗಳು 2007ರಿಂದ ಎಲ್ಲರವು. ಬೇಂದ್ರೆಯವರದಕ್ಕೆ 2041 ಮುಗಿಯಬೇಕು, ಕುವೆಂಪು ಅವರದಕ್ಕೆ 2054. ಬಸವಣ್ಣನ ವಚನಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಈಗಿನ ವಿದ್ವಾಂಸರೊಬ್ಬರು ಅದಕ್ಕೆ ಬರೆದ ವ್ಯಾಖ್ಯಾನ ಅವರದು. ಪುಸ್ತಕ ಅಂಗಡಿಯಲ್ಲಿ ಸಿಗುತ್ತಿಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಹಾಗಾದರೆ ಏನು ಹಾಕಬಹುದು? ಓದಿ ನಿಮಗನಿಸಿದ್ದನ್ನು ಬರೆಯಿರಿ, ಅದಕ್ಕೆ ಬೇಕಾದ ನಾಲ್ಕಾರು ಸಾಲು ಎತ್ತಿಕೊಳ್ಳಿ, ಲೇಖಕರ ಮತ್ತು ಪ್ರಕಾಶಕರ ಹೆಸರು ಹಾಕಿ. ವಿಮರ್ಶೆಗಾಗಿ ಹೀಗೆ ನ್ಯಾಯವಾಗಿ ಬಳಸಲು ಕಾಯ್ದೆಯ 52ನೇ ಕಲಮು ಅವಕಾಶ ಕೊಟ್ಟಿದೆ. ಹನ್ನೆರಡು ಸಾಲಿನ ಕವಿತೆಯ ಹನ್ನೆರಡೂ ಸಾಲು ಹಾಕಿ 'ಎಷ್ಟು ಚೆಂದ!' ಎಂದರೆ ಅದು ವಿಮರ್ಶೆಯಾಗುವುದಿಲ್ಲ. ಕವಿಯ ಹೆಸರು ಕತ್ತರಿಸಿದ ಚಿತ್ರವನ್ನಂತೂ ಮುಂದೆ ಕಳಿಸಲೇಬೇಡಿ. ಹಕ್ಕನ್ನು ಮಾರಿಬಿಟ್ಟ ಮೇಲೂ ತನ್ನ ಬರಹಕ್ಕೆ ತನ್ನ ಹೆಸರಿರಬೇಕೆಂದು ಕೇಳುವ ಅಧಿಕಾರ 57ನೇ ಕಲಮಿನಲ್ಲಿ ಬರೆದವರಿಗಿದೆ. ಚಿಕ್ಕ ಪ್ರಕಾಶಕರು ಸಾಲ ಮಾಡಿ ಐನೂರೋ ಸಾವಿರವೋ ಪ್ರತಿ ಅಚ್ಚು ಹಾಕಿಸುತ್ತಾರೆ. ಹೊಸ ಪುಸ್ತಕದ ಪಿಡಿಎಫ್ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸದಸ್ಯರು ತಾವೇ ಬರೆದು ಗ್ರೂಪಿಗೆ ಹಾಕಿದ ಕವಿತೆಯೂ ಅವರದೇ. ಬೇರೆ ಕಡೆ ಕಳಿಸಬೇಕಿದ್ದರೆ ಅವರಿಗೇ ಪ್ರತ್ಯೇಕವಾಗಿ ಬರೆಯಿರಿ: 'ಇಂಥ ಪತ್ರಿಕೆಯವರಿಗೆ ಕಳಿಸಲೇ? ನಿಮ್ಮ ಹೆಸರು ಹೇಗೆ ಹಾಕಬೇಕು? ಪೂರ್ತಿಯೋ, ಒಂದು ಭಾಗವೋ?' ನೀಲಿ ಟಿಕ್ ಬಂದರೆ ಓದಿದ್ದಾರೆ ಎಂದಷ್ಟೇ ಅರ್ಥ. 'ಆಗಲಿ' ಎಂದು ಬರೆದು ತಿಳಿಸುವವರೆಗೆ ಕಾಯಿರಿ.

ಎಲ್ಲಕ್ಕಿಂತ ಜೋಪಾನ ಬೇಕಾದದ್ದು ಕಥೆಯೊಂದರ ಚರ್ಚೆಯಲ್ಲಿ ಜನ ಬಿಚ್ಚಿಡುವ ಸ್ವಂತ ಬದುಕಿಗೆ. ಅತ್ತೆಮನೆಯ ಕಥೆ ಓದಿದ ದಿನ ಯಾರೋ ತಮ್ಮ ಮನೆಯದನ್ನೇ ವಾಯ್ಸ್ ಮೆಸೇಜಿನಲ್ಲಿ ಹೇಳಿಕೊಳ್ಳುತ್ತಾರೆ. ಹೆಸರು ಅಳಿಸಿ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕು ಎಂದುಕೊಳ್ಳಬೇಡಿ. ನಮ್ಮಂಥ ಊರಿನಲ್ಲಿ 'ಮೇಷ್ಟ್ರ ಸೊಸೆ' ಅಂದರೂ ಗುರುತು ಸಿಕ್ಕಿಬಿಡುತ್ತದೆ, ದನಿ ಕೇಳಿದರಂತೂ ಮುಗಿದೇ ಹೋಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬರ ವೈಯಕ್ತಿಕ ಅಥವಾ ಮನೆಯ ಬಳಕೆಯನ್ನು ಹೊರಗಿಟ್ಟಿದೆ. ಆದ್ದರಿಂದ ಗ್ರೂಪಿನ ಮಾತು ಗ್ರೂಪಿನಲ್ಲೇ ಉಳಿಯಬೇಕೆಂಬ ನಿಯಮವನ್ನು ವಿವರಣೆಯ ಜಾಗದಲ್ಲಿ ನೀವೇ ಬರೆದಿಡಿ.

ಮೀರಿ ಏನಾದರೂ ಹೊರಗೆ ಹೋದರೆ, ಮೊದಲು ನೊಂದವರಿಗೆ ಫೋನ್ ಮಾಡಿ, ಅವರಿಗೇನು ಬೇಕೆಂದು ಕೇಳಿ. ಅವರು ದೂರು ಕೊಡುವುದಾದರೆ ಅಳಿಸುವ ಮುಂಚೆ ಸಾಕ್ಷಿ ತೆಗೆದಿಟ್ಟುಕೊಳ್ಳಲಿ. ಆಮೇಲೆ ಅಡ್ಮಿನ್ ಆಗಿ ಆ ಮೆಸೇಜನ್ನು ಎಲ್ಲರಿಗೂ ಕಾಣದಂತೆ ಅಳಿಸಿ, ಕಳಿಸಿದವರೊಂದಿಗೆ ಪ್ರತ್ಯೇಕವಾಗಿ ಮಾತಾಡಿ, ಯಾವ್ಯಾವ ಗ್ರೂಪಿಗೆ ಹಾಕಿದ್ದಾರೋ ಅಲ್ಲೆಲ್ಲ ಅವರಿಂದಲೇ ತೆಗೆಸಿ.