ಯಾವ ಬೀಕನ್? ನಕ್ಷೆ ಮುಂದಿಟ್ಟು ಆಡುವ ಊಹೆಯಾಟ

ಒಬ್ಬರು ಸುಳಿವು ಕೊಡುತ್ತಾರೆ, ಉಳಿದ ಮೂರು ನಾಲ್ಕು ಮಂದಿ ವೈಮಾನಿಕ ನಕ್ಷೆಯಲ್ಲಿ ಆ ರೇಡಿಯೋ ಬೀಕನ್ (ವಿಮಾನಗಳಿಗೆ ದಾರಿ ತೋರುವ, ನೆಲದ ಮೇಲಿನ ರೇಡಿಯೋ ಕೇಂದ್ರ) ಹುಡುಕುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಆವೃತ್ತಿಯ ನಕ್ಷೆ ಇರಲಿ. ಹಳೆಯದರಲ್ಲಿ ಮುಚ್ಚಿಹೋದ ಬೀಕನ್‌ಗಳು ಉಳಿದಿರುತ್ತವೆ, ಆಮೇಲೆ ಜಗಳ. ಸ್ಕೇಲು, ಪೆನ್ಸಿಲ್ಲು ಮತ್ತು 20 ಚೀಟಿ ಬೇಕು. ಪ್ರತಿ ಚೀಟಿಯಲ್ಲೂ ಬೀಕನ್ನಿನ ಬಗೆ, ಫ್ರೀಕ್ವೆನ್ಸಿ, ಗುರುತಿನ ಅಕ್ಷರಗಳನ್ನು ಬರೆದಿಡಿ.

ಸುಳಿವು ನಾಲ್ಕು, ಮಸುಕಿನಿಂದ ಸ್ಪಷ್ಟದ ಕಡೆಗೆ: ಬಗೆ, ಫ್ರೀಕ್ವೆನ್ಸಿ, ರೇಡಿಯಲ್ (ಬೀಕನ್ನಿನಿಂದ ಹೊರಡುವ ದಿಕ್ಕಿನ ಗೆರೆ), ಮೋರ್ಸ್ ಸದ್ದು (ಗುರುತಿನ ಅಕ್ಷರಗಳು ಚುಕ್ಕಿ, ಗೀಟುಗಳ ಸದ್ದಿನಲ್ಲಿ). ಮೊದಲನೆಯದರಲ್ಲೇ ಹೇಳಿದವರಿಗೆ 4 ಅಂಕ, ಆಮೇಲೆ ಒಂದೊಂದೇ ಕಡಿಮೆ.

ಒಂದೇ ಹಾಳೆಯ ಮೇಲೆ ಆಡುವಾಗ ಪೂರ್ತಿ ಫ್ರೀಕ್ವೆನ್ಸಿ ಹೇಳಿದರೆ ಆಟ ಮುಗಿದಂತೆ, ದಶಮಾಂಶದ ಮೊದಲ ಅಂಕಿಯನ್ನಷ್ಟೇ ಹೇಳಿ. 108ರಿಂದ 112 ಮೆಗಾಹರ್ಟ್ಸ್ ನಡುವೆ ಅದು ಸಮಸಂಖ್ಯೆಯಾದರೆ ವಿಓಆರ್ (ತನ್ನಿಂದ ಯಾವ ದಿಕ್ಕಿನಲ್ಲಿದ್ದೀರಿ ಎಂದು ವಿಮಾನಕ್ಕೆ ತಿಳಿಸುವ ಬೀಕನ್), ಬೆಸವಾದರೆ ಐಎಲ್ಎಸ್ ಲೋಕಲೈಜರ್ (ಇಳಿಯುವ ವಿಮಾನವನ್ನು ರನ್‌ವೇಯ ನೇರಕ್ಕೆ ತರುವುದು). ಖಂಡಾಂತರ ನಕ್ಷೆಗಳಲ್ಲಿ ಪೂರ್ತಿ ಹೇಳಿದರೂ ಸಾಲದು: ಲಾಸ್ ಏಂಜಲಿಸ್‌ನ ಎಲ್‌ಎಎಕ್ಸ್, ಲಂಡನ್ನಿನ ಎಲ್‌ಓಎನ್ ಎರಡಕ್ಕೂ 113.6. ಈ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಹೋಗುತ್ತವೆ, 10,000 ಅಡಿ ಮೇಲಿನ ವಿಮಾನಕ್ಕೂ ಸುಮಾರು 120 ನಾಟಿಕಲ್ ಮೈಲಿ. ಹಾಗಾಗಿ ಅದೇ ಅಂಕಿಯನ್ನು ದೂರದಲ್ಲಿ ಮತ್ತೆ ಬಳಸಬಹುದು.

ಆಟದ ರುಚಿ ಇರುವುದು ರೇಡಿಯಲ್‌ಗಳಲ್ಲಿ. ಎರಡು ಪರಿಚಿತ ವಿಓಆರ್‌ಗಳಿಂದ ಒಂದೊಂದು ರೇಡಿಯಲ್ ಹೇಳಿ. ಗೆರೆಗಳು ಕೂಡುವಲ್ಲಿ ಉತ್ತರ. ಕೂಡುವ ಕೋನ 60ರಿಂದ 120 ಡಿಗ್ರಿಯೊಳಗಿರುವಂತೆ ವಿಓಆರ್ ಆರಿಸಿಕೊಳ್ಳಿ. 60 ಮೈಲಿ ದೂರದಲ್ಲಿ 1 ಡಿಗ್ರಿ ತಪ್ಪಿದರೆ ಗೆರೆ 1 ಮೈಲಿ ಸರಿಯುತ್ತದೆ, ಕೋನ ಕಿರಿದಾದರೆ ಕೂಡುವ ಜಾಗ ಇನ್ನೂ ಎಷ್ಟೋ ಮೈಲಿ ಜಾರುತ್ತದೆ. ಕೋನಮಾಪಕವನ್ನು ನಕ್ಷೆಯ ರೇಖಾಂಶಕ್ಕೆ ಹೊಂದಿಸಬೇಡಿ. ವಿಓಆರ್ ಸುತ್ತ ಅಚ್ಚಾಗಿರುವ ದಿಕ್ಸೂಚಿ ಚಕ್ರವನ್ನೇ ಓದಿ, ಅದು ಕಾಂತೀಯ ಉತ್ತರಕ್ಕೆ ತಿರುಗಿರುತ್ತದೆ. ರೇಡಿಯಲ್ ಎಂದರೆ ಯಾವಾಗಲೂ ಬೀಕನ್ನಿನಿಂದ ಹೊರಕ್ಕೆ. ಅದರ ಕಡೆಗೆ ಎಂದು ಓದಿಕೊಂಡವರ ಗೆರೆ 180 ಡಿಗ್ರಿ ತಿರುಗಿ ನಕ್ಷೆಯ ಇನ್ನೊಂದು ಮೂಲೆಗೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಅಂಕ ಹೋಗುವುದು ಇಲ್ಲೇ.

ಉತ್ತರ ಎನ್‌ಡಿಬಿ (ವಿಮಾನದೊಳಗಿನ ಸೂಜಿ ತನ್ನ ಕಡೆಗೆ ತಿರುಗುವಂತೆ ಮಾಡುವ ಸರಳ ಬೀಕನ್) ಆಗಿದ್ದರೆ ವಿಮಾನದ ಜಾಗ, ಮೂತಿಯ ದಿಕ್ಕು, ಮೂತಿಯಿಂದ ಬಲಕ್ಕೆ ಅಳೆದ ಸೂಜಿಯ ಕೋನ ಮೂರನ್ನೂ ಕೊಡಿ. ಮೂತಿ 250, ಸೂಜಿ 140 ಎಂದರೆ ಕೂಡಿ 390. 360 ಕಳೆದರೆ ಬೀಕನ್ 030ರ ದಿಕ್ಕಿನಲ್ಲಿದೆ.

ಮೋರ್ಸ್ ಸದ್ದನ್ನು ಯಾವುದಾದರೂ ಟೋನ್ ಆ್ಯಪ್‌ನಲ್ಲಿ 1020 ಹರ್ಟ್ಸ್‌ಗೆ ಮಾಡಿಕೊಳ್ಳಿ. ವೇಗ ನಿಮಿಷಕ್ಕೆ 7 ಪದ: ಚುಕ್ಕಿ 0.17 ಸೆಕೆಂಡು, ಗೀಟು ಮತ್ತು ಅಕ್ಷರಗಳ ನಡುವಿನ ಬಿಡುವು 0.5. ಬಿಡುವು ಕಡಿಮೆಯಾದರೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಎ, ಎನ್ ಸೇರಿ ಪಿ ಆಗಿಬಿಡುತ್ತದೆ.

ಒಂದೆರಡು ಚೀಟಿಗೆ ಸದ್ದೇ ಇಡಬೇಡಿ. ದುರಸ್ತಿಯಲ್ಲಿರುವ ಬೀಕನ್ನಿನ ಗುರುತನ್ನು ತೆಗೆದುಬಿಡುತ್ತಾರೆ. ಸೂಜಿ ನೆಟ್ಟಗೆ ನಿಂತಿದ್ದರೂ ಅದನ್ನು ನಂಬುವಂತಿಲ್ಲ. ಅಲ್ಲಿ ಸರಿಯುತ್ತರ ‘ಬಳಸಬಾರದು’. ಹೆಸರು ಹೇಳಿದವರಿಗೆ 2 ಅಂಕ ಕಡಿತ.